ಡಯಟ್ ಕೋಕ್

ಡಯಟ್ ಕೋಕ್ ಅಮೆರಿಕದ ಕೋಕ-ಕೋಲಾ ಕಂಪನಿಯು ತಯಾರಿಸುವ ಸಕ್ಕರೆರಹಿತ ತಂಪು ಪಾನೀಯ. ಇದನ್ನು 1982ರ ಜುಲೈನಲ್ಲಿ ನ್ಯೂಯಾರ್ಕ್ ನಗರದಲ್ಲಿ ಅಧಿಕೃತವಾಗಿ ಪ್ರಕಟಿಸಲಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಮಾರಾಟ ಆರಂಭವಾಯಿತು. 1886ರಲ್ಲಿ ಹುಟ್ಟಿದ ಕೋಕ-ಕೋಲಾದ ಹೆಸರನ್ನು ಬೇರೊಂದು ಪಾನೀಯಕ್ಕೆ ಕಂಪನಿಯು ಬಳಸಿದ್ದು ಇದೇ ಮೊದಲು. ಅನೇಕ ದೇಶಗಳಲ್ಲಿ ಈ ಪಾನೀಯವು 'ಕೋಕ-ಕೋಲಾ ಲೈಟ್' ಎಂಬ ಹೆಸರಿನಲ್ಲಿ ಮಾರಾಟವಾಗುತ್ತದೆ.

ಡಯಟ್ ಕೋಕ್ ಸಾಮಾನ್ಯ ಕೋಕ-ಕೋಲಾದಿಂದ ಸಕ್ಕರೆಯನ್ನಷ್ಟೇ ತೆಗೆದು ಸಿದ್ಧಪಡಿಸಿದ ಪಾನೀಯವಲ್ಲ. ಇದರ ರುಚಿಯ ಸೂತ್ರವೇ ಬೇರೆ. ಸಕ್ಕರೆಯ ಸ್ಥಾನದಲ್ಲಿ ಯಾವ ಸಿಹಿಕಾರಕವನ್ನು ಬಳಸಬೇಕು ಎಂಬ ಪ್ರಶ್ನೆಗೆ ರಸಾಯನಶಾಸ್ತ್ರದ ಸಂಶೋಧನೆಗಳು, ಸರ್ಕಾರಗಳ ಆಹಾರ ಸುರಕ್ಷತಾ ಕಾನೂನುಗಳು ಮತ್ತು ಗ್ರಾಹಕರ ನಾಲಿಗೆ ಈ ಮೂರೂ ಸೇರಿ ಉತ್ತರ ನೀಡಿವೆ. ಆದ್ದರಿಂದ ಈ ಪಾನೀಯದ ಇತಿಹಾಸವು ಬಹುಮಟ್ಟಿಗೆ ಕೃತಕ ಸಿಹಿಕಾರಕಗಳ ಇತಿಹಾಸವೂ ಆಗಿದೆ.

ಹಿನ್ನೆಲೆ

ಸಕ್ಕರೆಯಿಲ್ಲದ ತಂಪು ಪಾನೀಯಗಳು ಮೊದಲು ಹುಟ್ಟಿದ್ದು ತೂಕ ಇಳಿಸಿಕೊಳ್ಳಲು ಬಯಸುವವರಿಗಾಗಿ ಅಲ್ಲ, ಮಧುಮೇಹಿಗಳಿಗಾಗಿ. 1952ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿದ್ದ ಪಾನೀಯ ತಯಾರಕ ಹೈಮನ್ ಕಿರ್ಷ್ 'ನೋ-ಕ್ಯಾಲ್' ಎಂಬ ಶುಂಠಿ ರುಚಿಯ ಪಾನೀಯವನ್ನು ಮಾರುಕಟ್ಟೆಗೆ ತಂದರು. ದೀರ್ಘಕಾಲದ ಕಾಯಿಲೆಗಳಿಂದ ಬಳಲುವವರ ಆಸ್ಪತ್ರೆಯೊಂದರಲ್ಲಿದ್ದ ಮಧುಮೇಹಿಗಳು ಕುಡಿಯಬಹುದಾದ ಪಾನೀಯವನ್ನು ತಯಾರಿಸುವುದು ಅವರ ಉದ್ದೇಶವಾಗಿತ್ತು. ಅದರಲ್ಲಿ ಸಿಹಿಗಾಗಿ ಸೈಕ್ಲಮೇಟ್ ಎಂಬ ರಾಸಾಯನಿಕವನ್ನು ಬಳಸಲಾಗಿತ್ತು.

1958ರಲ್ಲಿ ರಾಯಲ್ ಕ್ರೌನ್ ಕಂಪನಿಯು 'ಡಯಟ್ ರೈಟ್' ಕೋಲಾವನ್ನು ಹೊರತಂದಿತು. ಇದನ್ನೂ ಮೊದಲಿಗೆ ಮಧುಮೇಹಿಗಳಿಗೆಂದೇ ಮಾರಲಾಗುತ್ತಿತ್ತು. 1962ರಲ್ಲಿ ಅಮೆರಿಕದಾದ್ಯಂತ ಎಲ್ಲ ಗ್ರಾಹಕರಿಗಾಗಿ ಬಿಡುಗಡೆ ಮಾಡಿದಾಗ ಅದು ಅನಿರೀಕ್ಷಿತ ಯಶಸ್ಸು ಪಡೆಯಿತು. ಆರೋಗ್ಯವಂತರೂ ಸಕ್ಕರೆಯಿಲ್ಲದ ಪಾನೀಯವನ್ನು ಕೊಳ್ಳುತ್ತಾರೆ ಎಂಬುದು ಇದರಿಂದ ಸ್ಪಷ್ಟವಾಯಿತು. 1963ರಲ್ಲಿ ಪೆಪ್ಸಿ ಕಂಪನಿಯು 'ಪ್ಯಾಟಿಯೊ ಡಯಟ್ ಕೋಲಾ'ವನ್ನು ಪರಿಚಯಿಸಿ, ಮರುವರ್ಷವೇ ಅದಕ್ಕೆ 'ಡಯಟ್ ಪೆಪ್ಸಿ' ಎಂದು ಹೆಸರು ಬದಲಿಸಿತು.

ಕೋಕ-ಕೋಲಾ ಕಂಪನಿಯು 1963ರಲ್ಲಿ 'ಟ್ಯಾಬ್' ಎಂಬ ಪಾನೀಯವನ್ನು ಬಿಡುಗಡೆ ಮಾಡಿತು. ಗಣಕಯಂತ್ರವು ಸಿದ್ಧಪಡಿಸಿದ ಚಿಕ್ಕ ಪದಗಳ ಪಟ್ಟಿಯ ನೆರವಿನಿಂದ ಈ ಹೆಸರನ್ನು ಆರಿಸಲಾಯಿತು. ತೂಕದ ಮೇಲೆ ಕಣ್ಣಿಡುವುದು ಎಂಬರ್ಥದ ಇಂಗ್ಲಿಷ್ ನುಡಿಗಟ್ಟಿನ ಸೂಚನೆಯೂ ಆ ಹೆಸರಿನಲ್ಲಿತ್ತು. ಕೋಕ-ಕೋಲಾ ಎಂಬ ಹೆಸರು ಒಂದೇ ಪಾನೀಯಕ್ಕೆ ಮೀಸಲಾಗಿರಬೇಕು ಎಂಬುದು ಆಗ ಕಂಪನಿಯ ನಿಲುವಾಗಿತ್ತು. ಹೊಸ ಪಾನೀಯ ವಿಫಲವಾದರೆ ಮೂಲ ಪಾನೀಯದ ಹೆಸರಿಗೂ ಧಕ್ಕೆಯಾದೀತೆಂಬ ಅಳುಕು ಇದರ ಹಿಂದಿತ್ತು.

ಸಿಹಿಕಾರಕಗಳ ಬಿಕ್ಕಟ್ಟು

ಆರಂಭದ ಡಯಟ್ ಪಾನೀಯಗಳಲ್ಲಿ ಸೈಕ್ಲಮೇಟ್ ಮತ್ತು ಸ್ಯಾಕರಿನ್‌ಗಳ ಮಿಶ್ರಣವನ್ನು ಬಳಸಲಾಗುತ್ತಿತ್ತು. ಸ್ಯಾಕರಿನ್ 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕಾನ್‌ಸ್ಟಂಟೀನ್ ಫಾಲ್‌ಬರ್ಗ್ ಕಂಡುಹಿಡಿದ ವಸ್ತು. ಇದು ಸಕ್ಕರೆಗಿಂತ ಸುಮಾರು 300ರಿಂದ 400 ಪಟ್ಟು ಸಿಹಿ. ಆದರೆ ನುಂಗಿದ ಮೇಲೆ ನಾಲಿಗೆಯಲ್ಲಿ ಕಹಿಯೂ ಲೋಹದಂತಹ ರುಚಿಯೂ ಉಳಿಯುತ್ತದೆ. ಸೈಕ್ಲಮೇಟನ್ನು 1937ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ವೇಡಾ ಕಂಡುಹಿಡಿದರು. ಇದರ ಸಿಹಿ ಸಕ್ಕರೆಗಿಂತ 30ರಿಂದ 50 ಪಟ್ಟು ಮಾತ್ರ. ಸೈಕ್ಲಮೇಟ್ ಹತ್ತು ಪಾಲು, ಸ್ಯಾಕರಿನ್ ಒಂದು ಪಾಲು ಬೆರೆಸಿದಾಗ ಎರಡರ ಕೆಟ್ಟ ರುಚಿಯೂ ಬಹುಮಟ್ಟಿಗೆ ಮರೆಯಾಗುತ್ತಿತ್ತು.

1958ರಲ್ಲಿ ಅಮೆರಿಕದ ಆಹಾರ ಕಾನೂನಿಗೆ 'ಡೆಲೆನಿ ನಿಬಂಧನೆ' ಎಂಬ ತಿದ್ದುಪಡಿ ಸೇರಿತ್ತು. ಮನುಷ್ಯರಲ್ಲಾಗಲಿ ಪ್ರಾಣಿಗಳಲ್ಲಾಗಲಿ ಕ್ಯಾನ್ಸರ್ ಉಂಟುಮಾಡುವುದೆಂದು ಕಂಡುಬಂದ ಯಾವ ವಸ್ತುವನ್ನೂ ಆಹಾರಕ್ಕೆ ಸೇರಿಸುವಂತಿಲ್ಲ ಎಂದು ಅದು ವಿಧಿಸುತ್ತದೆ. ವಸ್ತುವಿನ ಪ್ರಮಾಣ ಎಷ್ಟೇ ಕಡಿಮೆಯಿದ್ದರೂ ಈ ನಿಯಮದಲ್ಲಿ ವಿನಾಯಿತಿಯಿಲ್ಲ. ಸೈಕ್ಲಮೇಟ್ ಮತ್ತು ಸ್ಯಾಕರಿನ್ ಮಿಶ್ರಣವನ್ನು ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದ ಇಲಿಗಳ ಮೂತ್ರಕೋಶದಲ್ಲಿ ಗಡ್ಡೆಗಳು ಕಂಡುಬಂದದ್ದರಿಂದ 1969ರಲ್ಲಿ ಅಮೆರಿಕ ಸರ್ಕಾರ ಸೈಕ್ಲಮೇಟ್ ಬಳಕೆಯನ್ನು ತಡೆಯಿತು. ಡಯಟ್ ಪಾನೀಯಗಳ ತಯಾರಕರು ತಮ್ಮ ಸೂತ್ರಗಳನ್ನು ಹೊಸದಾಗಿ ರೂಪಿಸಬೇಕಾಯಿತು. ಟ್ಯಾಬ್ ಸ್ಯಾಕರಿನ್‌ನ ಆಸರೆಯಲ್ಲಿ ಉಳಿಯಿತು.

1977ರಲ್ಲಿ ಕೆನಡಾದಲ್ಲಿ ನಡೆದ ಪ್ರಾಣಿ ಪ್ರಯೋಗಗಳ ಆಧಾರದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸ್ಯಾಕರಿನ್ ಅನ್ನೂ ನಿಷೇಧಿಸಲು ಮುಂದಾಯಿತು. ಬಳಸಬಹುದಾದ ಬೇರೆ ಸಿಹಿಕಾರಕ ಆಗ ಇರಲಿಲ್ಲವಾದ್ದರಿಂದ ಮಧುಮೇಹಿಗಳು ಮತ್ತು ಡಯಟ್ ಪಾನೀಯಗಳ ಗ್ರಾಹಕರು ತೀವ್ರವಾಗಿ ವಿರೋಧಿಸಿದರು. ಅಮೆರಿಕದ ಸಂಸತ್ತು ನಿಷೇಧವನ್ನು ತಡೆಹಿಡಿದು, ಸ್ಯಾಕರಿನ್ ಇರುವ ಪದಾರ್ಥಗಳ ಮೇಲೆ ಎಚ್ಚರಿಕೆಯ ಸೂಚನೆ ಮುದ್ರಿಸಬೇಕೆಂದು ಕಾನೂನು ಮಾಡಿತು. ಗಂಡು ಇಲಿಗಳಲ್ಲಿ ಗಡ್ಡೆ ಉಂಟಾಗುವ ಬಗೆ ಮನುಷ್ಯರಿಗೆ ಅನ್ವಯಿಸುವುದಿಲ್ಲವೆಂದು ನಂತರದ ಸಂಶೋಧನೆಗಳು ತೋರಿಸಿದವು. 2000ದಲ್ಲಿ ಎಚ್ಚರಿಕೆಯ ನಿಯಮವನ್ನು ಹಿಂತೆಗೆದುಕೊಳ್ಳಲಾಯಿತು.

ಅಭಿವೃದ್ಧಿ ಮತ್ತು ಬಿಡುಗಡೆ

1981ರಲ್ಲಿ ಕಂಪನಿಯ ಅಧ್ಯಕ್ಷರಾದ ರಾಬರ್ಟೊ ಗೊಯಿಜುಯೆಟಾ ಮೂಲತಃ ರಾಸಾಯನಿಕ ಎಂಜಿನಿಯರ್. ಕೋಕ-ಕೋಲಾದ ಹೆಸರನ್ನು ಹೊಸ ಪಾನೀಯಗಳಿಗೆ ಬಳಸಬಾರದೆಂಬ ಹಳೆಯ ನಿಲುವು ಅವರ ಕಾಲದಲ್ಲಿ ಕೊನೆಗೊಂಡಿತು. 1982ರ ಜುಲೈನಲ್ಲಿ ನ್ಯೂಯಾರ್ಕ್‌ನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್ ಎಂಬ ಪ್ರಸಿದ್ಧ ರಂಗಮಂದಿರದಲ್ಲಿ ಅದ್ದೂರಿ ಸಮಾರಂಭದೊಂದಿಗೆ ಡಯಟ್ ಕೋಕ್ ಅನಾವರಣಗೊಂಡಿತು. ತೂಕ ಇಳಿಸುವ ಸಾಧನವೆಂದು ಬಿಂಬಿಸುವ ಬದಲು, ರುಚಿಗಾಗಿ ಕುಡಿಯುವ ಪಾನೀಯವೆಂದು ಅದರ ಜಾಹೀರಾತುಗಳು ಒತ್ತಿಹೇಳಿದವು. ಮಹಿಳೆಯರನ್ನೇ ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿದ್ದ ಟ್ಯಾಬ್‌ನ ಪ್ರಚಾರಕ್ಕಿಂತ ಇದು ಭಿನ್ನವಾಗಿತ್ತು. ಸ್ವಲ್ಪ ಕಾಲದಲ್ಲಿಯೇ ಡಯಟ್ ಕೋಕ್ ಅಮೆರಿಕದ ಅತಿ ಹೆಚ್ಚು ಮಾರಾಟವಾಗುವ ಡಯಟ್ ಪಾನೀಯವಾಯಿತು. 2010ರಲ್ಲಿ ಅದು ಪೆಪ್ಸಿಯನ್ನು ಹಿಂದಿಕ್ಕಿ, ಅಮೆರಿಕದ ಎಲ್ಲ ತಂಪು ಪಾನೀಯಗಳ ಪೈಕಿ ಕೋಕ-ಕೋಲಾದ ನಂತರದ ಎರಡನೆಯ ಸ್ಥಾನಕ್ಕೇರಿತು.

ಮೊದಲು ಮಾರುಕಟ್ಟೆಗೆ ಬಂದ ಡಯಟ್ ಕೋಕ್‌ನಲ್ಲಿ ಸ್ಯಾಕರಿನ್ ಇತ್ತು. 1983ರಲ್ಲಿ ತಂಪು ಪಾನೀಯಗಳಲ್ಲಿ ಆಸ್ಪರ್ಟೇಮ್ ಬಳಕೆಗೆ ಅಮೆರಿಕದಲ್ಲಿ ಅನುಮತಿ ದೊರೆತಾಗ ಕಂಪನಿಯು ಎರಡರ ಮಿಶ್ರಣಕ್ಕೆ ಬದಲಾಯಿಸಿತು. 1984ರ ಕೊನೆಯ ಹೊತ್ತಿಗೆ ಸ್ಯಾಕರಿನ್ ಅನ್ನು ಪೂರ್ತಿಯಾಗಿ ಕೈಬಿಟ್ಟು ಆಸ್ಪರ್ಟೇಮ್ ಒಂದನ್ನೇ ಬಳಸುವ ನಿರ್ಧಾರವನ್ನು ಪ್ರಕಟಿಸಿತು. ಆಸ್ಪರ್ಟೇಮ್ ಆಗ 'ನ್ಯೂಟ್ರಾಸ್ವೀಟ್' ಎಂಬ ವ್ಯಾಪಾರನಾಮದಲ್ಲಿ ಮಾರಾಟವಾಗುತ್ತಿದ್ದು, ಅದರ ಚಿಹ್ನೆಯು ಡಬ್ಬಿಗಳ ಮೇಲೆಯೂ ಕಾಣಿಸಿಕೊಂಡಿತು. ಅಮೆರಿಕದಲ್ಲಿ ಇದರ ಪೇಟೆಂಟ್ 1992ರಲ್ಲಿ ಮುಗಿಯಿತು.

ಡಯಟ್ ಕೋಕ್‌ನ ರುಚಿಯ ಸೂತ್ರ ಕಂಪನಿಯ ಇತಿಹಾಸದ ಮತ್ತೊಂದು ಘಟನೆಗೂ ಕಾರಣವಾಯಿತು. 1985ರ ಏಪ್ರಿಲ್‌ನಲ್ಲಿ ಮೂಲ ಕೋಕ-ಕೋಲಾದ ಬದಲಿಗೆ ತಂದ 'ನ್ಯೂ ಕೋಕ್' ಎಂಬ ಪಾನೀಯವು ಡಯಟ್ ಕೋಕ್‌ನ ಸೂತ್ರದಿಂದ ಬೆಳೆದದ್ದು. ಅದರಲ್ಲಿ ಕೃತಕ ಸಿಹಿಕಾರಕದ ಬದಲು ಮೆಕ್ಕೆಜೋಳದಿಂದ ತೆಗೆದ ಸಿಹಿ ಪಾಕವಿತ್ತು. ಗ್ರಾಹಕರು ಅದನ್ನು ಒಪ್ಪಲಿಲ್ಲ. ಮೂರು ತಿಂಗಳೊಳಗೆ ಹಳೆಯ ಕೋಕ-ಕೋಲಾ ಮರಳಿ ಬಂದಿತು.

ಸಕ್ಕರೆ ತೆಗೆದಾಗ ಆಗುವ ಬದಲಾವಣೆ

ಅಮೆರಿಕದಲ್ಲಿ ಮಾರಾಟವಾಗುವ 355 ಮಿಲಿಲೀಟರ್‌ನ ಸಾಮಾನ್ಯ ಕೋಕ-ಕೋಲಾ ಡಬ್ಬಿಯೊಂದರಲ್ಲಿ 39 ಗ್ರಾಂ ಸಕ್ಕರೆ ಇರುತ್ತದೆ. ಇದರಿಂದ ದೊರೆಯುವ ಶಕ್ತಿ 140 ಕಿಲೊಕ್ಯಾಲರಿ. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿಯಾದ್ದರಿಂದ ಅಷ್ಟೇ ಸಿಹಿಗೆ ಸುಮಾರು 0.2 ಗ್ರಾಂ ಸಾಕು. ಆಸ್ಪರ್ಟೇಮ್ ಕೂಡ ಜೀರ್ಣವಾಗಿ ಗ್ರಾಂ ಒಂದಕ್ಕೆ ಸುಮಾರು 4 ಕಿಲೊಕ್ಯಾಲರಿ ಶಕ್ತಿ ಕೊಡುತ್ತದೆ. ಅಂದರೆ ಅದರಲ್ಲಿ ಶಕ್ತಿಯೇ ಇಲ್ಲವೆಂದಲ್ಲ. ಬಳಸುವ ಪ್ರಮಾಣ ಅತ್ಯಲ್ಪವಾದ್ದರಿಂದ ಡಬ್ಬಿಯೊಂದರ ಲೆಕ್ಕ ಒಂದು ಕಿಲೊಕ್ಯಾಲರಿಗಿಂತಲೂ ಕಡಿಮೆಯಾಗುತ್ತದೆ. ಅಮೆರಿಕದ ನಿಯಮದ ಪ್ರಕಾರ ಒಮ್ಮೆ ಸೇವಿಸುವ ಪ್ರಮಾಣದಲ್ಲಿ 5 ಕಿಲೊಕ್ಯಾಲರಿಗಿಂತ ಕಡಿಮೆ ಶಕ್ತಿ ಇದ್ದರೆ ಅದನ್ನು ಸೊನ್ನೆಯೆಂದು ನಮೂದಿಸಬಹುದು.

ಸಕ್ಕರೆಯು ಪಾನೀಯಕ್ಕೆ ಸಿಹಿಯನ್ನಷ್ಟೇ ಕೊಡುವುದಿಲ್ಲ. ದ್ರವದ ಸಾಂದ್ರತೆಯನ್ನು ಹೆಚ್ಚಿಸಿ ಬಾಯಲ್ಲಿ ತುಸು ಮಂದವಾದ ಅನುಭವವನ್ನೂ ನೀಡುತ್ತದೆ. ಈ ಕಾರಣದಿಂದಲೇ ನೀರು ತುಂಬಿದ ಬಕೆಟ್‌ನಲ್ಲಿ ಮುಚ್ಚಿದ ಡಬ್ಬಿಗಳನ್ನು ಬಿಟ್ಟರೆ ಸಾಮಾನ್ಯ ಕೋಕ-ಕೋಲಾ ಮುಳುಗುತ್ತದೆ, ಡಯಟ್ ಕೋಕ್ ತೇಲುತ್ತದೆ. ಎರಡು ಡಬ್ಬಿಗಳ ಗಾತ್ರ ಒಂದೇ ಆದರೂ ಸಕ್ಕರೆ ಕರಗಿರುವ ಡಬ್ಬಿಯ ತೂಕ ಹೆಚ್ಚು. ಸಾಂದ್ರತೆಯ ಪರಿಕಲ್ಪನೆಯನ್ನು ವಿವರಿಸಲು ಶಾಲೆಗಳಲ್ಲಿ ಈ ಪ್ರಯೋಗವನ್ನು ತೋರಿಸುವುದುಂಟು.

ಸಿಹಿ ನಾಲಿಗೆಗೆ ತಾಗುವ ವೇಗದಲ್ಲಿಯೂ ವ್ಯತ್ಯಾಸವಿದೆ. ಸಕ್ಕರೆಯ ಸಿಹಿ ಬೇಗ ಬಂದು ಬೇಗ ಮರೆಯಾಗುತ್ತದೆ. ಆಸ್ಪರ್ಟೇಮ್‌ನ ಸಿಹಿ ನಿಧಾನವಾಗಿ ಬಂದು ಹೆಚ್ಚು ಹೊತ್ತು ನಿಲ್ಲುತ್ತದೆ. ಈ ವ್ಯತ್ಯಾಸಕ್ಕೆ ಹೊಂದುವಂತೆ ಆಮ್ಲ ಮತ್ತು ಸುವಾಸನೆಗಳ ಪ್ರಮಾಣವನ್ನೂ ಬದಲಾಯಿಸಬೇಕಾಗುತ್ತದೆ.

ಘಟಕಾಂಶಗಳು

ಅಮೆರಿಕದಲ್ಲಿ ಮಾರಾಟವಾಗುವ ಡಯಟ್ ಕೋಕ್‌ನ ಲೇಬಲ್‌ನಲ್ಲಿ ಈ ಕೆಳಗಿನ ಘಟಕಾಂಶಗಳನ್ನು ನಮೂದಿಸಲಾಗಿದೆ. ದೇಶದಿಂದ ದೇಶಕ್ಕೆ ಈ ಪಟ್ಟಿ ಸ್ವಲ್ಪಮಟ್ಟಿಗೆ ಬದಲಾಗುತ್ತದೆ.

ಇಂಗಾಲದ ಡೈಆಕ್ಸೈಡ್ ಬೆರೆತ ನೀರು: ಪಾನೀಯದ ಬಹುಪಾಲು ಇದೇ. ಒತ್ತಡದಲ್ಲಿ ಕರಗಿಸಿದ ಅನಿಲವು ಮುಚ್ಚಳ ತೆರೆದಾಗ ಗುಳ್ಳೆಗಳಾಗಿ ಹೊರಬರುತ್ತದೆ. ನೀರಿನಲ್ಲಿ ಕರಗಿದ ಸ್ವಲ್ಪ ಭಾಗ ಕಾರ್ಬಾನಿಕ್ ಆಮ್ಲವಾಗಿ ನಾಲಿಗೆಗೆ ಚುರುಕು ನೀಡುತ್ತದೆ.

ಕ್ಯಾರಮೆಲ್ ಬಣ್ಣ: ಸಕ್ಕರೆಯಂತಹ ಶರ್ಕರಗಳನ್ನು ಕಾಯಿಸಿ ಪಡೆಯುವ ಕಂದು ಬಣ್ಣ. ಕೋಲಾಗಳಲ್ಲಿ ಬಳಸುವ ಬಗೆಯನ್ನು ಅಮೋನಿಯ ಮತ್ತು ಸಲ್ಫೈಟ್ ಸಂಯುಕ್ತಗಳ ಜೊತೆ ತಯಾರಿಸಲಾಗುತ್ತದೆ. ಈ ಪ್ರಕ್ರಿಯೆಯಲ್ಲಿ ಅಲ್ಪ ಪ್ರಮಾಣದಲ್ಲಿ ಹುಟ್ಟುವ 4-ಮೀಥೈಲಿಮಿಡಜೋಲ್ ಎಂಬ ವಸ್ತುವನ್ನು ಕ್ಯಾಲಿಫೋರ್ನಿಯ ರಾಜ್ಯವು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಆ ಬಳಿಕ, 2012ರಲ್ಲಿ, ಅದರ ಪ್ರಮಾಣ ಕಡಿಮೆಯಾಗುವಂತೆ ತಯಾರಿಕಾ ವಿಧಾನವನ್ನು ಬದಲಿಸಲು ಕೋಕ-ಕೋಲಾ ಮತ್ತು ಪೆಪ್ಸಿ ಕಂಪನಿಗಳು ತಮ್ಮ ಪೂರೈಕೆದಾರರಿಗೆ ಸೂಚಿಸಿದವು.

ಆಸ್ಪರ್ಟೇಮ್: ಸಿಹಿಕಾರಕ. ಇದರ ವಿವರ ಮುಂದಿನ ವಿಭಾಗದಲ್ಲಿದೆ.

ಫಾಸ್ಫಾರಿಕ್ ಆಮ್ಲ ಮತ್ತು ಸಿಟ್ರಿಕ್ ಆಮ್ಲ: ಹುಳಿ ನೀಡುವ ಆಮ್ಲಗಳು. ಕೋಲಾಗಳ ತೀಕ್ಷ್ಣ ಹುಳಿಗೆ ಮುಖ್ಯ ಕಾರಣ ಫಾಸ್ಫಾರಿಕ್ ಆಮ್ಲ. ಸಿಟ್ರಿಕ್ ಆಮ್ಲವು ನಿಂಬೆ ಜಾತಿಯ ಹಣ್ಣುಗಳಲ್ಲಿ ಸಹಜವಾಗಿ ಇರುವಂಥದು. ಆಮ್ಲೀಯತೆಯು ಸೂಕ್ಷ್ಮಾಣುಜೀವಿಗಳ ಬೆಳವಣಿಗೆಯನ್ನೂ ತಡೆಯುತ್ತದೆ.

ಪೊಟ್ಯಾಸಿಯಂ ಬೆಂಜೋಯೇಟ್: ಸಂರಕ್ಷಕ. ಆಮ್ಲೀಯ ದ್ರವಗಳಲ್ಲಿ ಯೀಸ್ಟ್ ಮತ್ತು ಬೂಷ್ಟುಗಳ ಬೆಳವಣಿಗೆಯನ್ನು ತಡೆಯುತ್ತದೆ.

ಕೆಫೀನ್: ಅಮೆರಿಕದ 355 ಮಿಲಿಲೀಟರ್ ಡಬ್ಬಿಯಲ್ಲಿ 46 ಮಿಲಿಗ್ರಾಂ ಇರುತ್ತದೆ. ಅದೇ ಗಾತ್ರದ ಸಾಮಾನ್ಯ ಕೋಕ-ಕೋಲಾದಲ್ಲಿ ಇರುವುದು 34 ಮಿಲಿಗ್ರಾಂ. ಸಕ್ಕರೆಯಿಲ್ಲದ ಪಾನೀಯದಲ್ಲಿ ಕೆಫೀನ್ ಹೆಚ್ಚಿದೆಯೆಂಬುದು ಹಲವರ ಗಮನಕ್ಕೆ ಬಂದಿರುವುದಿಲ್ಲ. ಕೆಫೀನ್ ಇಲ್ಲದ ಡಯಟ್ ಕೋಕ್ ಪ್ರತ್ಯೇಕವಾಗಿ ಲಭ್ಯವಿದೆ.

ಸುವಾಸನೆಗಳು: ಇವುಗಳ ವಿವರವನ್ನು ಕಂಪನಿಯು ವ್ಯಾಪಾರ ರಹಸ್ಯವಾಗಿ ಕಾಪಾಡುತ್ತದೆ. ಲೇಬಲ್‌ನಲ್ಲಿ 'ನೈಸರ್ಗಿಕ ಸುವಾಸನೆಗಳು' ಎಂದಷ್ಟೇ ನಮೂದಾಗಿರುತ್ತದೆ.

ಆಸ್ಪರ್ಟೇಮ್

1965ರಲ್ಲಿ ಅಮೆರಿಕದ ಜಿ. ಡಿ. ಸರ್ಲ್ ಔಷಧ ಕಂಪನಿಯ ರಸಾಯನಶಾಸ್ತ್ರಜ್ಞ ಜೇಮ್ಸ್ ಶ್ಲಾಟರ್ ಹೊಟ್ಟೆಹುಣ್ಣಿನ ಔಷಧಕ್ಕೆ ಸಂಬಂಧಿಸಿದ ಸಂಶೋಧನೆಯಲ್ಲಿ ತೊಡಗಿದ್ದರು. ಕಾಗದವೊಂದನ್ನು ಎತ್ತಿಕೊಳ್ಳಲು ಬೆರಳನ್ನು ನಾಲಿಗೆಗೆ ತಾಗಿಸಿದಾಗ ಸಿಹಿ ಅನುಭವವಾಯಿತು. ಬೆರಳಿಗೆ ಅಂಟಿದ್ದ ಆ ವಸ್ತುವೇ ಆಸ್ಪರ್ಟೇಮ್. ಆಸ್ಪಾರ್ಟಿಕ್ ಆಮ್ಲ ಮತ್ತು ಫೀನೈಲಲನೀನ್ ಎಂಬ ಎರಡು ಅಮೈನೋ ಆಮ್ಲಗಳು ಸೇರಿ ಆದ ಸಂಯುಕ್ತದ ಮೀಥೈಲ್ ಎಸ್ಟರ್ ಇದು. ಈ ಎರಡೂ ಅಮೈನೋ ಆಮ್ಲಗಳು ಹಾಲು, ಬೇಳೆಕಾಳು, ಮಾಂಸ ಮೊದಲಾದ ಪ್ರೋಟೀನ್‌ಯುಕ್ತ ಆಹಾರಗಳಲ್ಲಿ ಇರುತ್ತವೆ.

ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯುವ ಹಾದಿ ಸುಗಮವಾಗಿರಲಿಲ್ಲ. 1974ರಲ್ಲಿ ನೀಡಿದ ಅನುಮತಿಯನ್ನು, ಆಕ್ಷೇಪಣೆಗಳು ಮತ್ತು ಕಂಪನಿಯ ಪ್ರಯೋಗಗಳ ಗುಣಮಟ್ಟದ ಬಗೆಗಿನ ಸಂಶಯಗಳ ಕಾರಣ 1975ರಲ್ಲಿ ತಡೆಹಿಡಿಯಲಾಯಿತು. 1980ರಲ್ಲಿ ಸಾರ್ವಜನಿಕ ವಿಚಾರಣಾ ಮಂಡಳಿಯು ಹೆಚ್ಚಿನ ಅಧ್ಯಯನವಾಗುವವರೆಗೆ ಅನುಮತಿ ನೀಡಬಾರದೆಂದು ಅಭಿಪ್ರಾಯಪಟ್ಟಿತು. 1981ರಲ್ಲಿ ಆಹಾರ ಮತ್ತು ಔಷಧ ಆಡಳಿತದ ಆಯುಕ್ತ ಆರ್ಥರ್ ಹಲ್ ಹೇಸ್ ಆ ಅಭಿಪ್ರಾಯವನ್ನು ತಳ್ಳಿಹಾಕಿ ಒಣ ಆಹಾರಗಳಲ್ಲಿ ಬಳಕೆಗೆ ಸಮ್ಮತಿಸಿದರು. ತಂಪು ಪಾನೀಯಗಳಲ್ಲಿ ಬಳಸುವ ಅನುಮತಿ 1983ರಲ್ಲಿ ಬಂದಿತು.

ಆಸ್ಪರ್ಟೇಮ್‌ನ ಮುಖ್ಯ ದೌರ್ಬಲ್ಯ ಅಸ್ಥಿರತೆ. ಬಿಸಿಯಲ್ಲಿ ಅದು ಬೇಗ ಒಡೆದು ಸಿಹಿ ಕಳೆದುಕೊಳ್ಳುತ್ತದೆ. ಅಡುಗೆಯಲ್ಲಿ ಬೇಯಿಸುವ, ಕುದಿಸುವ ಪದಾರ್ಥಗಳಿಗೆ ಹೊಂದುವುದಿಲ್ಲ. ತಂಪು ಪಾನೀಯದಂತಹ ಆಮ್ಲೀಯ ದ್ರವದಲ್ಲಿಯೂ ತಿಂಗಳುಗಳು ಕಳೆದಂತೆ ನಿಧಾನವಾಗಿ ವಿಘಟನೆಯಾಗುತ್ತದೆ. ಬಿಸಿಲಿನಲ್ಲಿಟ್ಟ ಅಥವಾ ಬಹುಕಾಲ ದಾಸ್ತಾನಿನಲ್ಲಿದ್ದ ಡಬ್ಬಿಯ ಪಾನೀಯ ಸಪ್ಪೆಯಾಗಿರಲು ಇದೇ ಕಾರಣ.

ಇತರ ಸಿಹಿಕಾರಕಗಳು ಮತ್ತು ಸಂಬಂಧಿತ ಪಾನೀಯಗಳು

ಆಸ್ಪರ್ಟೇಮ್‌ನ ಕೊರತೆಯನ್ನು ತುಂಬಲು ಬೇರೆ ಸಿಹಿಕಾರಕಗಳನ್ನು ಜೊತೆಗೆ ಬೆರೆಸುವ ಪದ್ಧತಿ ಬೆಳೆಯಿತು. ಅಸಿಸಲ್ಫೇಮ್ ಪೊಟ್ಯಾಸಿಯಂ ಎಂಬ ವಸ್ತುವನ್ನು 1967ರಲ್ಲಿ ಜರ್ಮನಿಯ ಹೆಕ್ಸ್ಟ್ ಕಂಪನಿಯಲ್ಲಿ ಕಾರ್ಲ್ ಕ್ಲೌಸ್ ಕಂಡುಹಿಡಿದರು. ಇದು ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿಯಾಗಿದ್ದು, ಬಿಸಿಯನ್ನೂ ಆಮ್ಲವನ್ನೂ ತಾಳಿಕೊಳ್ಳುತ್ತದೆ. ಇದರ ಸಿಹಿ ಬೇಗ ತಾಗುತ್ತದೆ, ಆಸ್ಪರ್ಟೇಮ್‌ನದು ತಡವಾಗಿ ತಾಗುತ್ತದೆ. ಎರಡನ್ನೂ ಬೆರೆಸಿದರೆ ಸಕ್ಕರೆಗೆ ಹತ್ತಿರವಾದ ರುಚಿ ಬರುತ್ತದೆ ಮತ್ತು ಪ್ರತಿಯೊಂದರ ಪ್ರಮಾಣವೂ ಕಡಿಮೆ ಸಾಕಾಗುತ್ತದೆ.

2005ರಲ್ಲಿ ಬಿಡುಗಡೆಯಾದ 'ಕೋಕ-ಕೋಲಾ ಜೀರೊ' ಈ ಮಿಶ್ರಣವನ್ನು ಬಳಸುತ್ತದೆ. ಡಯಟ್ ಕೋಕ್‌ಗೆ ತನ್ನದೇ ರುಚಿಯಿದ್ದರೆ, ಜೀರೊವನ್ನು ಮೂಲ ಕೋಕ-ಕೋಲಾದ ರುಚಿಗೆ ಆದಷ್ಟು ಹತ್ತಿರವಾಗುವಂತೆ ರೂಪಿಸಲಾಯಿತು. ಅಮೆರಿಕ ಸೇರಿದಂತೆ ಅನೇಕ ದೇಶಗಳಲ್ಲಿ ಅದು ಈಗ 'ಕೋಕ-ಕೋಲಾ ಜೀರೊ ಶುಗರ್' ಎಂಬ ಹೆಸರಿನಲ್ಲಿದೆ. ಎರಡೂ ಸಕ್ಕರೆರಹಿತವೇ, ಆರೋಗ್ಯದ ದೃಷ್ಟಿಯಿಂದ ದೊಡ್ಡ ವ್ಯತ್ಯಾಸವಿಲ್ಲ. ಡಯಟ್ ಪಾನೀಯಗಳ ಮೊದಲ ತಲೆಮಾರಿಗೆ ಸೇರಿದ ಟ್ಯಾಬ್‌ನ ತಯಾರಿಕೆಯನ್ನು ಕಂಪನಿಯು 2020ರಲ್ಲಿ ನಿಲ್ಲಿಸಿತು.

ಮತ್ತೊಂದು ಸಿಹಿಕಾರಕವಾದ ಸುಕ್ರಲೋಸ್‌ನ ಆವಿಷ್ಕಾರದಲ್ಲಿ ಭಾರತೀಯ ಸಂಶೋಧಕರೊಬ್ಬರ ಪಾತ್ರವಿದೆ. 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಲೆಸ್ಲಿ ಹಫ್ ಅವರ ಮಾರ್ಗದರ್ಶನದಲ್ಲಿ ಶಶಿಕಾಂತ್ ಫಡ್ನಿಸ್ ಕ್ಲೋರಿನ್ ಸೇರಿಸಿದ ಸಕ್ಕರೆಯ ಸಂಯುಕ್ತಗಳನ್ನು ಅಧ್ಯಯನ ಮಾಡುತ್ತಿದ್ದರು. ಪರೀಕ್ಷಿಸಲು ಹೇಳಿದ್ದನ್ನು ರುಚಿ ನೋಡಲು ಹೇಳಿದರೆಂದು ಅವರು ತಪ್ಪಾಗಿ ಕೇಳಿಸಿಕೊಂಡದ್ದರಿಂದ ಅದರ ಸಿಹಿ ಬೆಳಕಿಗೆ ಬಂದಿತೆಂಬುದು ಪ್ರಸಿದ್ಧ ವೃತ್ತಾಂತ. ಇದು ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. 2005ರಲ್ಲಿ ಸುಕ್ರಲೋಸ್ ಬಳಸಿದ ಡಯಟ್ ಕೋಕ್‌ನ ಪ್ರತ್ಯೇಕ ಬಗೆಯೂ ಅಮೆರಿಕದಲ್ಲಿ ಬಿಡುಗಡೆಯಾಯಿತು.

ಸಿಹಿಕಾರಕವನ್ನು ಬದಲಿಸುವುದು ಎಷ್ಟು ಕಷ್ಟವೆಂಬುದಕ್ಕೆ ಪ್ರತಿಸ್ಪರ್ಧಿ ಡಯಟ್ ಪೆಪ್ಸಿಯ ಅನುಭವ ಉದಾಹರಣೆಯಾಗಿದೆ. ಗ್ರಾಹಕರಿಗೆ ಆಸ್ಪರ್ಟೇಮ್ ಬಗ್ಗೆ ಇರುವ ಆತಂಕವನ್ನು ಪರಿಗಣಿಸಿ ಪೆಪ್ಸಿ ಕಂಪನಿಯು 2015ರಲ್ಲಿ ಅಮೆರಿಕದ ಡಯಟ್ ಪೆಪ್ಸಿಯಿಂದ ಅದನ್ನು ತೆಗೆದು ಸುಕ್ರಲೋಸ್ ಮತ್ತು ಅಸಿಸಲ್ಫೇಮ್ ಪೊಟ್ಯಾಸಿಯಂ ಬಳಸಿತು. ಹೊಸ ರುಚಿ ಗ್ರಾಹಕರಿಗೆ ಹಿಡಿಸದೆ ಮಾರಾಟ ಇಳಿಯಿತು. ಮರುವರ್ಷವೇ ಆಸ್ಪರ್ಟೇಮ್ ಇರುವ ಪಾನೀಯ ಅಂಗಡಿಗಳಿಗೆ ಹಿಂತಿರುಗಿತು.

ಆರೋಗ್ಯ ಮತ್ತು ಸುರಕ್ಷತೆ

ಕ್ಯಾನ್ಸರ್ ಕುರಿತ ಪ್ರಶ್ನೆ: 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಆಸ್ಪರ್ಟೇಮ್ ಅನ್ನು 'ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕವಾಗಿರಬಹುದು' ಎಂಬ 2ಬಿ ಗುಂಪಿಗೆ ಸೇರಿಸಿತು. ಈ ಗುಂಪು ಸಾಕ್ಷ್ಯವು ಎಷ್ಟು ಬಲವಾಗಿದೆ ಎಂಬುದನ್ನು ಸೂಚಿಸುತ್ತದೆಯೇ ಹೊರತು ಅಪಾಯದ ಪ್ರಮಾಣವನ್ನಲ್ಲ. ಸೀಮಿತ ಸಾಕ್ಷ್ಯವಿರುವ ವಸ್ತುಗಳು ಇದರಲ್ಲಿ ಬರುತ್ತವೆ. ಅದೇ ದಿನ ಆಹಾರ ಸೇರ್ಪಡೆಗಳ ಜಂಟಿ ತಜ್ಞ ಸಮಿತಿಯು, ದೇಹತೂಕದ ಪ್ರತಿ ಕಿಲೊಗ್ರಾಮಿಗೆ ದಿನಕ್ಕೆ 40 ಮಿಲಿಗ್ರಾಂವರೆಗಿನ ಸೇವನೆ ಸ್ವೀಕಾರಾರ್ಹ ಎಂಬ ಹಿಂದಿನ ಮಿತಿಯನ್ನು ಬದಲಿಸಲು ಕಾರಣವಿಲ್ಲವೆಂದು ತಿಳಿಸಿತು. ಡಬ್ಬಿಯೊಂದರಲ್ಲಿ 200ರಿಂದ 300 ಮಿಲಿಗ್ರಾಂ ಆಸ್ಪರ್ಟೇಮ್ ಇದೆಯೆಂದು ಇಟ್ಟುಕೊಂಡರೆ, 70 ಕಿಲೊಗ್ರಾಂ ತೂಕದ ವಯಸ್ಕರು ಈ ಮಿತಿಯನ್ನು ಮೀರಲು ದಿನವೊಂದಕ್ಕೆ 9ರಿಂದ 14ಕ್ಕಿಂತ ಹೆಚ್ಚು ಡಬ್ಬಿಗಳನ್ನು ಕುಡಿಯಬೇಕಾಗುತ್ತದೆ. ಮಕ್ಕಳ ತೂಕ ಕಡಿಮೆಯಾದ್ದರಿಂದ ಅವರಿಗೆ ಈ ಲೆಕ್ಕ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಉದಾಹರಣೆಗೆ, 20 ಕಿಲೊಗ್ರಾಂ ತೂಕದ ಮಗುವಿಗೆ ಮಿತಿ ದಿನಕ್ಕೆ 800 ಮಿಲಿಗ್ರಾಂ. ಮೂರು ನಾಲ್ಕು ಡಬ್ಬಿಗಳಲ್ಲಿಯೇ ಅದು ತುಂಬುತ್ತದೆ.

ದೇಹತೂಕ: 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ತೂಕ ನಿಯಂತ್ರಣದ ಸಾಧನವಾಗಿ ಸಕ್ಕರೆಯೇತರ ಸಿಹಿಕಾರಕಗಳನ್ನು ಬಳಸದಿರುವಂತೆ ಮಾರ್ಗಸೂಚಿ ಹೊರಡಿಸಿತು. ದೀರ್ಘಕಾಲದಲ್ಲಿ ಇವು ಕೊಬ್ಬನ್ನು ಕಡಿಮೆ ಮಾಡುತ್ತವೆಂಬುದಕ್ಕೆ ಆಧಾರ ಸಿಕ್ಕಿಲ್ಲವೆಂಬುದು ಅದರ ಕಾರಣ. ಇದು ಷರತ್ತುಬದ್ಧ ಶಿಫಾರಸು. ಈಗಾಗಲೇ ಮಧುಮೇಹ ಇರುವವರಿಗೆ ಇದು ಅನ್ವಯಿಸುವುದಿಲ್ಲ.

ಮಧುಮೇಹ: ಡಯಟ್ ಕೋಕ್‌ನಲ್ಲಿ ಸಕ್ಕರೆಯಿಲ್ಲದ ಕಾರಣ ಅದು ಸಾಮಾನ್ಯ ತಂಪು ಪಾನೀಯದಂತೆ ರಕ್ತದ ಗ್ಲೂಕೋಸನ್ನು ಏರಿಸುವುದಿಲ್ಲ. ಹಾಗೆಂದು ಅದು ಪೌಷ್ಟಿಕ ಪಾನೀಯವೂ ಅಲ್ಲ. ರಕ್ತದ ಗ್ಲೂಕೋಸ್ ಅಪಾಯಕಾರಿ ಮಟ್ಟಕ್ಕೆ ಕುಸಿದಾಗ ಮಧುಮೇಹಿಗಳಿಗೆ ತುರ್ತಾಗಿ ಸಕ್ಕರೆ ಬೇಕಾಗುತ್ತದೆ. ಆ ಸಂದರ್ಭದಲ್ಲಿ ಸಕ್ಕರೆರಹಿತ ಪಾನೀಯ ನೀಡಿದರೆ ಪ್ರಯೋಜನವಿಲ್ಲ. ಡಬ್ಬಿಗಳು ನೋಡಲು ಹೋಲುವುದರಿಂದ ಲೇಬಲ್ ಓದಿಯೇ ಕೊಡುವುದು ಮುಖ್ಯ.

ಫೀನೈಲ್‌ಕೀಟೋನ್ಯೂರಿಯಾ: ಇದು ಆನುವಂಶಿಕವಾಗಿ ಬರುವ ವಿರಳ ಕಾಯಿಲೆ. ಇದಿರುವವರ ದೇಹಕ್ಕೆ ಫೀನೈಲಲನೀನನ್ನು ಸರಿಯಾಗಿ ಬಳಸಿಕೊಳ್ಳುವ ಶಕ್ತಿ ಇರುವುದಿಲ್ಲ. ಅದು ರಕ್ತದಲ್ಲಿ ಸಂಗ್ರಹವಾಗಿ ಮಿದುಳಿಗೆ ಹಾನಿ ಮಾಡುತ್ತದೆ. ಆಸ್ಪರ್ಟೇಮ್ ಜೀರ್ಣವಾದಾಗ ಫೀನೈಲಲನೀನ್ ಬಿಡುಗಡೆಯಾಗುವುದರಿಂದ ಇಂಥವರು ಈ ಪಾನೀಯವನ್ನು ಸೇವಿಸಬಾರದು. ಲೇಬಲ್‌ಗಳ ಮೇಲೆ ಈ ಕುರಿತು ಎಚ್ಚರಿಕೆ ಇರುತ್ತದೆ.

ಹಲ್ಲುಗಳು: ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯಿಂದ ಆಮ್ಲ ತಯಾರಿಸಿ ಹುಳುಕು ಹಲ್ಲಿಗೆ ಕಾರಣವಾಗುತ್ತವೆ. ಸಕ್ಕರೆರಹಿತ ಪಾನೀಯದಲ್ಲಿ ಈ ತೊಂದರೆಯಿಲ್ಲ. ಆದರೆ ಪಾನೀಯದಲ್ಲಿಯೇ ಇರುವ ಆಮ್ಲಗಳು ಹಲ್ಲಿನ ಎನಾಮಲ್ ಪದರವನ್ನು ಸವೆಸಬಲ್ಲವು. ಆದ್ದರಿಂದ ಸಕ್ಕರೆರಹಿತ ಎಂದರೆ ಹಲ್ಲಿಗೆ ನಿರಪಾಯಕಾರಿ ಎಂದರ್ಥವಲ್ಲ.

ಭಾರತದಲ್ಲಿ

ಕೋಕ-ಕೋಲಾ ಕಂಪನಿಯು ವಿದೇಶಿ ಬಂಡವಾಳದ ನಿಯಮಗಳಿಗೆ ಸಂಬಂಧಿಸಿದ ಭಿನ್ನಾಭಿಪ್ರಾಯದಿಂದ 1977ರಲ್ಲಿ ಭಾರತವನ್ನು ತೊರೆದಿತ್ತು. ಹೀಗಾಗಿ 1982ರಲ್ಲಿ ಡಯಟ್ ಕೋಕ್ ಹುಟ್ಟಿದಾಗ ಕಂಪನಿಯ ಪಾನೀಯಗಳು ಇಲ್ಲಿ ಇರಲಿಲ್ಲ. ಆರ್ಥಿಕ ಉದಾರೀಕರಣದ ಬಳಿಕ 1993ರಲ್ಲಿ ಕಂಪನಿ ಆಗ್ರಾದ ಮೂಲಕ ಮರುಪ್ರವೇಶ ಮಾಡಿತು. ನಂತರ ಡಯಟ್ ಕೋಕ್ ಭಾರತದ ಮಾರುಕಟ್ಟೆಗೂ ಬಂದಿತು. 2014ರಲ್ಲಿ ಕೋಕ್ ಜೀರೊ ಬಿಡುಗಡೆಯಾಯಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಆದ್ದರಿಂದ ಸಕ್ಕರೆರಹಿತ ಪಾನೀಯಗಳ ಲೇಬಲ್ ಓದಲು ಬರುವುದು ಇಲ್ಲಿ ಉಪಯುಕ್ತ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮಗಳ ಪ್ರಕಾರ ಕೃತಕ ಸಿಹಿಕಾರಕದ ಬಳಕೆಯನ್ನು ಲೇಬಲ್‌ನಲ್ಲಿ ತಿಳಿಸಬೇಕು. ಆಸ್ಪರ್ಟೇಮ್ ಇದ್ದರೆ ಫೀನೈಲ್‌ಕೀಟೋನ್ಯೂರಿಯಾ ಇರುವವರಿಗೆ ಸೂಕ್ತವಲ್ಲವೆಂಬ ಸೂಚನೆ ಇರಬೇಕು. ಸೇರ್ಪಡೆಗಳನ್ನು ಹೆಸರಿನ ಬದಲು ಅಂತರರಾಷ್ಟ್ರೀಯ ಸಂಖ್ಯೆಯಿಂದಲೂ ಸೂಚಿಸಬಹುದು. ತಂಪು ಪಾನೀಯಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಖ್ಯೆಗಳು ಹೀಗಿವೆ:

950: ಅಸಿಸಲ್ಫೇಮ್ ಪೊಟ್ಯಾಸಿಯಂ
951: ಆಸ್ಪರ್ಟೇಮ್
954: ಸ್ಯಾಕರಿನ್
955: ಸುಕ್ರಲೋಸ್
150ಡಿ: ಕ್ಯಾರಮೆಲ್ ಬಣ್ಣ
330: ಸಿಟ್ರಿಕ್ ಆಮ್ಲ
338: ಫಾಸ್ಫಾರಿಕ್ ಆಮ್ಲ
211: ಸೋಡಿಯಂ ಬೆಂಜೋಯೇಟ್
212: ಪೊಟ್ಯಾಸಿಯಂ ಬೆಂಜೋಯೇಟ್

ತೆರಿಗೆಯ ವಿಷಯದಲ್ಲಿ ಭಾರತವು ಸಕ್ಕರೆ ಇರುವ ಮತ್ತು ಇಲ್ಲದ ಗ್ಯಾಸ್ ತುಂಬಿದ ಸಿಹಿ ಪಾನೀಯಗಳ ನಡುವೆ ಭೇದ ಮಾಡುವುದಿಲ್ಲ. ಸಕ್ಕರೆಯಾಗಲಿ ಬೇರೆ ಸಿಹಿಕಾರಕವಾಗಲಿ ಬೆರೆತ ಇಂಥ ಪಾನೀಯಗಳಿಗೆ ಮೊದಲು ಶೇ. 28 ಸರಕು ಮತ್ತು ಸೇವಾ ತೆರಿಗೆಯ ಜೊತೆಗೆ ಶೇ. 12 ಪರಿಹಾರ ಉಪಕರವಿತ್ತು. 2025ರ ಸೆಪ್ಟೆಂಬರ್ 22ರಿಂದ ಶೇ. 40ರ ಒಂದೇ ದರ ಜಾರಿಯಲ್ಲಿದೆ. ಬ್ರಿಟನ್‌ನಲ್ಲಿ ಇದಕ್ಕೆ ವ್ಯತಿರಿಕ್ತವಾದ ಕ್ರಮವಿದೆ. ಅಲ್ಲಿ 2018ರ ಏಪ್ರಿಲ್‌ನಿಂದ ಜಾರಿಗೆ ಬಂದ ತಂಪು ಪಾನೀಯ ತೆರಿಗೆಯನ್ನು ಸಕ್ಕರೆಯ ಪ್ರಮಾಣದ ಮೇಲೆ ವಿಧಿಸಲಾಗುತ್ತದೆ. ಡಯಟ್ ಕೋಕ್‌ನಂತಹ ಪಾನೀಯಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿನ ಹಲವು ತಯಾರಕರು ತೆರಿಗೆ ತಪ್ಪಿಸಲು ತಮ್ಮ ಪಾನೀಯಗಳಲ್ಲಿ ಸಕ್ಕರೆಯನ್ನು ಕಡಿಮೆ ಮಾಡಿದರು.

ಮೆಂಟೋಸ್ ಪ್ರಯೋಗ

ಡಯಟ್ ಕೋಕ್ ಬಾಟಲಿಗೆ ಮೆಂಟೋಸ್ ಮಿಠಾಯಿಗಳನ್ನು ಹಾಕಿದಾಗ ಪಾನೀಯವು ಕಾರಂಜಿಯಂತೆ ಚಿಮ್ಮುತ್ತದೆ. 2006ರಲ್ಲಿ ಅಂತರಜಾಲದಲ್ಲಿ ಹರಡಿದ ದೃಶ್ಯಗಳಿಂದ ಇದು ಜಗತ್ತಿನಾದ್ಯಂತ ಪ್ರಸಿದ್ಧವಾಯಿತು. ಅಮೆರಿಕದ ಅಪ್ಪಲಾಚಿಯನ್ ಸ್ಟೇಟ್ ವಿಶ್ವವಿದ್ಯಾಲಯದ ಟೋನ್ಯಾ ಕಾಫಿ ಈ ಕುರಿತು ನಡೆಸಿದ ಅಧ್ಯಯನವು 2008ರಲ್ಲಿ ಭೌತಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಮಿಠಾಯಿಯ ಒರಟು ಮೇಲ್ಮೈಯಲ್ಲಿರುವ ಅಸಂಖ್ಯ ಸೂಕ್ಷ್ಮ ಕುಳಿಗಳು ಗುಳ್ಳೆಗಳು ಹುಟ್ಟುವ ತಾಣಗಳಾಗುತ್ತವೆ. ಮಿಠಾಯಿ ಭಾರವಾಗಿದ್ದು ಬೇಗ ತಳಕ್ಕಿಳಿಯುವುದರಿಂದ ಕೆಳಗಿನಿಂದಲೇ ಗುಳ್ಳೆಗಳು ಏಳುತ್ತವೆ. ಪಾನೀಯದಲ್ಲಿರುವ ಆಸ್ಪರ್ಟೇಮ್ ಮತ್ತು ಬೆಂಜೋಯೇಟ್‌ಗಳು ಗುಳ್ಳೆ ರೂಪುಗೊಳ್ಳಲು ಬೇಕಾದ ಶಕ್ತಿಯನ್ನು ಕಡಿಮೆ ಮಾಡುತ್ತವೆ. ಇದರಲ್ಲಿ ಮುಖ್ಯವಾಗಿ ನಡೆಯುವುದು ಭೌತಿಕ ಬದಲಾವಣೆ. ಆಮ್ಲ ಮತ್ತು ಕ್ಷಾರಗಳ ನಡುವಿನ ರಾಸಾಯನಿಕ ಕ್ರಿಯೆಯಲ್ಲ. ಸಕ್ಕರೆ ಇರುವ ಪಾನೀಯವೂ ಚಿಮ್ಮುತ್ತದೆಯಾದರೂ ಡಯಟ್ ಪಾನೀಯದಷ್ಟು ಎತ್ತರಕ್ಕಲ್ಲ. ಡಯಟ್ ಪಾನೀಯ ಒಣಗಿದ ಮೇಲೆ ಅಂಟಾಗುವುದಿಲ್ಲವಾದ್ದರಿಂದ ಸ್ವಚ್ಛಗೊಳಿಸುವುದೂ ಸುಲಭ.